ಚೊಣಕ್‌ಗೆ ಕೊಂಡ ರಾಡ್ ಟ್ರೌಟ್‌ಗೂ ಆದೀತೇ?

ಪ್ರಶ್ನೆ: ನಾನು ಧಾರವಾಡದ ಕಡೆಯವನು, ಆರು ವರ್ಷಗಳಿಂದ ಗೋವಾದ ಫೋಂಡಾದಲ್ಲಿ ಕೆಲಸದಲ್ಲಿದ್ದೇನೆ. ಅಮೆರಿಕದವರು ಬಾಸ್ ಮೀನು ಹಿಡಿಯುವ ವಿಡಿಯೊಗಳನ್ನು ನೋಡಿ ಹುಚ್ಚು ಹತ್ತಿತು. ಕಳೆದ ವರ್ಷ ಏಳು ಅಡಿಯ ಮೀಡಿಯಂ ಹೆವಿ ರಾಡ್, 3000 ಅಳತೆಯ ರೀಲ್ ಕೊಂಡೆ. ‘ಇಲ್ಲಿನ ಮೀನು ದೊಡ್ಡದು’ ಎಂದು ಅಂಗಡಿಯವರು 50 ಪೌಂಡಿನ ಬ್ರೇಡ್ ದಾರ ಸುತ್ತಿಕೊಟ್ಟರು. ಐವತ್ತು ಲೂರ್‌ಗಳ (ಮೀನು, ಹುಳುವಿನಂತೆ ಕಾಣುವ ಕೃತಕ ಎರೆಗಳ) ಪೆಟ್ಟಿಗೆಯನ್ನು ಆನ್‌ಲೈನಿನಲ್ಲಿ ತರಿಸಿದೆ. ಇಲ್ಲಿನ ಅಳಿವೆಯ ಬೇಟೆಗಾರ ಮೀನು ಚೊಣಕ್‌ಗಾಗಿ ಬೋರಿ ಸೇತುವೆಯ ಆಚೀಚೆ, ಖಾಜನ್ (ನದಿಯ ಉಪ್ಪುನೀರನ್ನು ಬದು ಕಟ್ಟಿ ತಡೆದ ಗದ್ದೆ) ಬದುಗಳ ಮೇಲೆ ನಾಲ್ಕು ತಿಂಗಳು ನಿಂತರೂ ದೊಡ್ಡ ಮೀನು ಕಚ್ಚಿದ್ದು ಮೂರೇ ಸಲ. ಮೊದಲ ಸಲ ದಾರ ತುಂಡಾಯಿತು. ಎರಡನೆಯ ಸಲ ಗಾಳವೇ ನೆಟ್ಟಗಾಗಿ ವಾಪಸು ಬಂತು. ಮೂರನೆಯ ಸಲ ಯಾರೋ ಹೇಳಿದರೆಂದು ತುದಿಗೆ ಒಂದಿಷ್ಟು ದಪ್ಪ ತಂಗೂಸು (ಒಂಟಿ ಎಳೆಯ ನೈಲಾನ್ ದಾರ) ಸೇರಿಸಿದ್ದೆ. ಲೂರ್ ಹೋಗಿ ತಂಗೂಸಿನ ತುದಿ ಹಂದಿಯ ಬಾಲದಂತೆ ಸುರುಳಿಯಾಗಿ ಬಂತು. 80 ಪೌಂಡಿನ ದಾರ ಹಾಕಲೇ? ಪಕ್ಕದ ಮನೆಯ ಹಿರಿಯರು, ‘ಚೊಣಕ್ ಪ್ಲಾಸ್ಟಿಕ್ ತಿನ್ನುವುದಿಲ್ಲ, ಜೀವಂತ ಸಿಗಡಿಯೇ ಬೇಕು, ಲೂರೇ ಆಗಬೇಕಾದರೆ ಬಿಳಿ ಮೈ, ಕೆಂಪು ತಲೆಯದು’ ಎನ್ನುತ್ತಾರೆ. ಅಕ್ಟೋಬರಿನಲ್ಲಿ ಹೆಂಡತಿಯ ಅಣ್ಣನ ಮನೆಯವರೊಂದಿಗೆ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗುತ್ತಿದ್ದೇವೆ. ಇದೇ ರಾಡಿಗೆ ಸಣ್ಣ ದಾರ, ಸಣ್ಣ ಲೂರ್ ಕಟ್ಟಿ ಟ್ರೌಟ್ ಹಿಡಿಯಬಹುದೇ? ಮೂರು ಸಲದ ಚಿತ್ರಗಳನ್ನೂ ಪೆಟ್ಟಿಗೆಯ ಚಿತ್ರವನ್ನೂ ಕಳಿಸಿದ್ದೇನೆ.

ಉತ್ತರ: ಮೊದಲು 80 ಪೌಂಡಿನ ಮಾತು ಮುಗಿಸಿಬಿಡೋಣ. ಬೇಡ. ಮೂರು ಸಲವೂ ಮೀನು ತಪ್ಪಿದ್ದು ಬೇರೆ ಬೇರೆ ಕಾರಣಕ್ಕೆ, ಒಂದು ಸಲವೂ ದಾರದ ಬಲ ಸಾಲದೆ ತಪ್ಪಿಲ್ಲ. 50 ಪೌಂಡ್ ಎಂದರೆ ಸುಮಾರು 22.5 ಕಿಲೋ. ಕಿರಾಣಿ ಅಂಗಡಿಯ 25 ಕಿಲೋ ಅಕ್ಕಿ ಚೀಲಕ್ಕೆ ತುಸುವೇ ಕಡಿಮೆ. ಆ ಚೀಲವನ್ನು ನಿಮ್ಮ ರಾಡಿನ ತುದಿಗೆ ಕಟ್ಟಿ ಎತ್ತಿ ಎಂದರೆ ನೀವೇ ನಗುತ್ತೀರಿ. ರಾಡ್ ಮುರಿದೀತು, ಮಣಿಕಟ್ಟು ಉಳುಕೀತು, ದಾರಕ್ಕೆ ಏನೂ ಆಗದು. ಅದನ್ನು 80ಕ್ಕೆ ಏರಿಸಿದರೆ ಮೂಗಿಗಿಂತ ಮೂಗುತಿ ಭಾರ.

ನಾನು ಅಂಕೋಲೆಯವನು. ಇಪ್ಪತ್ತು ವರ್ಷಗಳಿಂದ ಮಾಪುಸಾದಲ್ಲಿ ರಾಡ್, ರೀಲ್ ರಿಪೇರಿ ಮಾಡಿಕೊಂಡಿದ್ದೇನೆ. ಬಿಡುವಾದಾಗ ಮಾಂಡವಿ, ಜುವಾರಿ, ಶಾಪೋರಾ ನದಿಗಳ ಅಳಿವೆಯಲ್ಲಿ ಗಾಳ ಹಾಕುತ್ತೇನೆ, ಕಲಿಯುವವರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ನನ್ನ ಮೇಜಿಗೆ ಬರುವ ಮುರಿದ ರಾಡ್‌ಗಳಲ್ಲಿ ಮೀನು ಮುರಿದದ್ದು ಬೆರಳೆಣಿಕೆಯಷ್ಟು. ಹೆಚ್ಚಿನವು ಕಾರಿನ ಬಾಗಿಲಿಗೆ, ಮನೆಯ ಸೀಲಿಂಗ್ ಫ್ಯಾನಿಗೆ ಬಲಿಯಾದವು. (ನನ್ನದೇ ಒಂದು ಒಳ್ಳೆಯ ರಾಡ್ ಫ್ಯಾನಿಗೆ ಹೋಗಿದೆ. ಹೊಸದನ್ನು ಹಜಾರದಲ್ಲೇ ಬೀಸಿ ನೋಡುವ ಆತುರ.) ಉಳಿದವು ದಪ್ಪ ದಾರವನ್ನು ನಂಬಿ ರೀಲಿನ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ತಿರುಪು) ಬಿಗಿದಿಟ್ಟವರವು. ಮೀನು ಎಳೆಯುವಾಗ ದಾರ ಬಿಟ್ಟುಕೊಡದಿದ್ದರೆ ಬೇರೆ ಏನಾದರೊಂದು ಬಿಟ್ಟುಕೊಡಲೇಬೇಕು.

ಈಗ ನಿಮ್ಮ ಚಿತ್ರಗಳು. ಮೊದಲನೆಯದನ್ನು ದೊಡ್ಡದು ಮಾಡಿ ನೋಡಿದೆ. ಬ್ರೇಡ್‌ನ ತುದಿ ಕತ್ತರಿಸಿದಂತೆ ನಯವಾಗಿಲ್ಲ, ಆರಿದ ದೀಪದ ಬತ್ತಿಯಂತೆ ಎಳೆಎಳೆಯಾಗಿ ಬಿಚ್ಚಿಕೊಂಡಿದೆ. ತುದಿಯಿಂದ ಗೇಣುದ್ದ ಹಿಂದಕ್ಕೂ ಹಸಿರು ಬಣ್ಣ ಬಿಳಿಚಿಕೊಂಡು ಜುಂಗು ಎದ್ದಿದೆ. ಇದು ಉಜ್ಜಿ ಹೋದ ದಾರ. ಬ್ರೇಡ್ ಎಂದರೆ ಪಾಲಿಎಥಿಲೀನಿನ ಅತಿ ಸಣ್ಣ ಎಳೆಗಳನ್ನು ಹೆಣೆದ ಜಡೆ. ನೇರವಾಗಿ ಎಳೆದರೆ ಅದರ ಬಲಕ್ಕೆ ಸಾಟಿಯಿಲ್ಲ. ಬಿಗಿಯಾಗಿದ್ದಾಗ ಹರಿತವಾದ ಅಂಚಿಗೆ ತಾಗಿದರೆ ಒಂದೊಂದೇ ಎಳೆ ಕಡಿದು ಕ್ಷಣದಲ್ಲಿ ಮುಗಿಯುತ್ತದೆ. ನೀವು ನಿಲ್ಲುವ ಬದುವಿನ ಬುಡದಲ್ಲಿರುವ ಚಿರೇಕಲ್ಲುಗಳನ್ನು ಇಳಿತದ ಹೊತ್ತಿಗೆ ಹೋಗಿ ಮುಟ್ಟಿ ನೋಡಿ. ಮೈತುಂಬ ಚಿಪ್ಪು, ಒಂದೊಂದೂ ಬ್ಲೇಡು. ಸಾಲದ್ದಕ್ಕೆ ಚೊಣಕ್‌ನ ಕಿವಿರಿನ ಮುಚ್ಚಳದ ಅಂಚೂ ಹರಿತ. ಫೋಂಡಾ ಮಾರುಕಟ್ಟೆಯಲ್ಲಿ ಮೀನು ಕೊಯ್ದುಕೊಡುವ ಹೆಂಗಸರನ್ನು ಕೇಳಿ, ಬೆರಳು ತೋರಿಸುತ್ತಾರೆ. ಇಂಥ ಕಡೆ 80 ಪೌಂಡಿನ ಬ್ರೇಡ್ ಕೂಡ ಎರಡು ಸೆಕೆಂಡು ಹೆಚ್ಚು ಬಾಳೀತು, ಅಷ್ಟೆ.

ಎರಡನೆಯ ಚಿತ್ರದಲ್ಲಿ ಮೂರು ಕೊಕ್ಕೆಯ ಗಾಳ, ಅದರ ಒಂದು ಕೊಕ್ಕೆ ಸೂಜಿಯಂತೆ ನೆಟ್ಟಗಾಗಿದೆ. ಕೆರೆಯ ಬಾಸ್‌ಗೆಂದು ಮಾಡಿದ ಅಗ್ಗದ ಲೂರ್‌ಗಳಲ್ಲಿ ಹೀಗೆಯೇ ತೆಳುವಾದ ತಂತಿಯ ಗಾಳವಿರುತ್ತದೆ. ಅಂಥದ್ದೊಂದನ್ನು ಅಂಗಡಿಯ ಗೋಡೆಯ ಮೊಳೆಗೆ ಸಿಕ್ಕಿಸಿ, ಸೂಟ್‌ಕೇಸ್ ತೂಗುವ ಕೈತಕ್ಕಡಿಯಿಂದ ಎಳೆದು ನೋಡಿದೆ. ಐದು ಕಿಲೋ ದಾಟುವಷ್ಟರಲ್ಲಿ ಬಾಯಿ ಬಿಟ್ಟಿತು. ನಿಮ್ಮ ದಾರ 22 ಕಿಲೋ ತಾಳುತ್ತದೆ, ಗಾಳ ಐದು ಕಿಲೋ ತಾಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ಚಿತ್ರ. ತಂಗೂಸು ತುಂಡಾಗಿಲ್ಲ, ಗಂಟು ಜಾರಿದೆ. ಸುರುಳಿ ಎಂದರೆ ಗಂಟಿನ ಸುತ್ತುಗಳ ಅಚ್ಚು. ದಪ್ಪ ತಂಗೂಸಿಗೆ ಐದಾರು ಸುತ್ತು ಹಾಕಿದರೆ ಅದು ಕೂರುವುದೇ ಇಲ್ಲ. ಮೂರೋ ನಾಲ್ಕೋ ಸುತ್ತು ಸಾಕು. ಎಂಜಲಿನಿಂದ ಒದ್ದೆ ಮಾಡಿ ನಿಧಾನವಾಗಿ ಬಿಗಿಯಬೇಕು. ಒಣಗಿದ ಗಂಟು ಬಿಗಿಯುವಾಗಲೇ ತಿಕ್ಕಾಟದ ಬಿಸಿಗೆ ಅರ್ಧ ಬಲ ಕಳೆದುಕೊಳ್ಳಬಹುದು. ಆಮೇಲೆ ಗಾಳವನ್ನು ಇಕ್ಕಳದಿಂದ ಹಿಡಿದು, ಪೂರ್ತಿ ಬಲ ಹಾಕಿ ಎಳೆದು ನೋಡಿ. ಜಾರುವುದಾದರೆ ಮನೆಯ ಜಗಲಿಯಲ್ಲೇ ಜಾರಲಿ. ಬ್ರೇಡನ್ನು ನೇರವಾಗಿ ಕೊಂಡಿಗೆ ಕಟ್ಟುವ ಪ್ರಸಂಗ ಬಂದರೆ ಪಾಲೊಮಾರ್ ಗಂಟು; ಬ್ರೇಡಿಗೂ ತಂಗೂಸಿಗೂ ಬೆಸೆಯಲು ಡಬಲ್ ಯೂನಿ. ಇನ್ನೂ ನಯವಾದ ಗಂಟುಗಳಿವೆ, ಆದರೆ ಕತ್ತಲಲ್ಲಿ, ಸೊಳ್ಳೆ ಕಚ್ಚುವಾಗ, ನಡುಗುವ ಕೈಯಿಂದ ಕಟ್ಟಲು ಬರುವ ಗಂಟೇ ನಿಮ್ಮ ಗಂಟು.

ಹಾಗಾದರೆ ಏನು ಮಾಡಬೇಕು? ನಿಮ್ಮ ರಾಡನ್ನು ಕೈಗೆ ತೆಗೆದುಕೊಂಡು ಹಿಡಿಕೆಯ ಮೇಲ್ಗಡೆ ಬರೆದಿರುವ ಸಣ್ಣ ಅಕ್ಷರಗಳನ್ನು ಓದಿ. ಚಿತ್ರದಲ್ಲಿ ಕಾಣುವಂತೆ 12–20 ಪೌಂಡ್ ಎಂದಿದೆ, ಪಕ್ಕದಲ್ಲಿ 1/4–1 ಔನ್ಸ್ ಎಂದಿದೆ. ಎರಡನೆಯದು ಲೂರಿನ ತೂಕ, ನಮ್ಮ ಲೆಕ್ಕಕ್ಕೆ 7ರಿಂದ 28 ಗ್ರಾಂ. ರಾಡ್ ಕೊಳ್ಳುವವರು ಉದ್ದ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಅಲುಗಿಸಿ ತುದಿ ಎಷ್ಟು ನಡುಗುತ್ತದೆ ಎಂದು ನೋಡುತ್ತಾರೆ. ಈ ಎರಡು ಸಾಲು ಓದುವವರು ಕಡಿಮೆ. ರಾಡ್ ಒಂದು ಬಿಲ್ಲು. ಲೂರಿನ ತೂಕಕ್ಕೆ ಅದು ಹಿಂದಕ್ಕೆ ಬಾಗಿ, ಮುಂದಕ್ಕೆ ಚಿಮ್ಮಿದರೆ ಮಾತ್ರ ಲೂರ್ ದೂರ ಹೋಗುತ್ತದೆ. ತೂಕ ಕಡಿಮೆಯಾದರೆ ಬಾಗುವುದೇ ಇಲ್ಲ. ಮೀಡಿಯಂ ಹೆವಿ ಎನ್ನುವುದು ಬಾಗಿಸಲು ಎಷ್ಟು ಬಲ ಬೇಕು ಎಂಬುದಾದರೆ, ಫಾಸ್ಟ್ ಎನ್ನುವುದು ಎಲ್ಲಿ ಬಾಗುತ್ತದೆ ಎಂಬುದು: ಫಾಸ್ಟ್ ರಾಡ್ ಮೇಲಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಬಾಗುತ್ತದೆ, ಮಾಡರೇಟ್ ಎಂದರೆ ನಡುವಿನವರೆಗೂ. ಇವೆರಡನ್ನೂ ಒಂದೇ ಎಂದುಕೊಂಡವರು ಅಂಗಡಿಯ ಒಳಗೂ ಇದ್ದಾರೆ, ಹೊರಗೂ ಇದ್ದಾರೆ.

ನಿಮ್ಮ ರಾಡ್ ಚೊಣಕ್‌ಗೆ ಒಳ್ಳೆಯ ಆಯ್ಕೆಯೇ. ತಪ್ಪು ಅದರ ಮುಂದೆ ಕಟ್ಟಿದ್ದರಲ್ಲಿದೆ. 20 ಪೌಂಡಿನ ಬ್ರೇಡ್ ಹಾಕಿ, ಹೆಚ್ಚೆಂದರೆ 30. ಜಪಾನೀ ಲೆಕ್ಕದಲ್ಲಿ ಬರೆದಿದ್ದರೆ ಪಿಇ 1.5 ಅಥವಾ 2 ಎಂದು ಕೇಳಿ. ಪಿಇ 2ರ ದಪ್ಪ 0.235 ಮಿಲಿಮೀಟರ್. ತೆಳು ದಾರ ಗಾಳಿಯಲ್ಲಿ ಹೊಟ್ಟೆ ಉಬ್ಬಿಸುವುದಿಲ್ಲ, ಇಳಿತದ ಸೆಳೆತಕ್ಕೂ ಅಷ್ಟಾಗಿ ಸಿಕ್ಕುವುದಿಲ್ಲ, ಲೂರ್ ದೂರ ಹೋಗುತ್ತದೆ. ಅದರ ತುದಿಗೆ 40ರಿಂದ 60 ಪೌಂಡಿನ ತಂಗೂಸನ್ನೋ ಫ್ಲೋರೋಕಾರ್ಬನ್ನನ್ನೋ ಒಂದು ಮೀಟರಿನಷ್ಟು ಲೀಡರಾಗಿ ಕಟ್ಟಿ. ಇಲ್ಲಿ ದಪ್ಪ ಬೇಕಾದದ್ದು ಎಳೆತಕ್ಕಾಗಿ ಅಲ್ಲ, ಚಿಪ್ಪು ಮತ್ತು ಕಿವಿರು ಮೇಲ್ಪದರವನ್ನು ಕೆರೆದರೂ ಒಳಗೆ ಇನ್ನಷ್ಟು ಉಳಿದಿರಲಿ ಎಂದು. ಪ್ರತಿ ಮೀನಿನ ನಂತರ ಲೀಡರನ್ನು ಉಗುರಿನ ನಡುವೆ ಎಳೆಯಿರಿ. ಒರಟು ಸಿಕ್ಕಿದರೆ ಅಲ್ಲಿಗೆ ಕತ್ತರಿಸಿ ಮತ್ತೆ ಕಟ್ಟಿ.

‘ಫ್ಲೋರೋಕಾರ್ಬನ್ ನೀರಿನಲ್ಲಿ ಕಾಣುವುದಿಲ್ಲ’ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅದರ ಹಿಂದೆ ಒಂದು ಸಣ್ಣ ಸತ್ಯವಿದೆ: ಬೆಳಕನ್ನು ಬಾಗಿಸುವ ಗುಣದಲ್ಲಿ ನೀರು 1.33, ಫ್ಲೋರೋಕಾರ್ಬನ್ 1.42, ನೈಲಾನ್ 1.5ರ ಮೇಲೆ. ನೀರಿಗೆ ಹತ್ತಿರವಿರುವುದರಿಂದ ಕಡಿಮೆ ಹೊಳೆಯುತ್ತದೆ. ಆದರೆ ಜುಲೈ ತಿಂಗಳ ಜುವಾರಿಯಲ್ಲಿ ನಿಮ್ಮ ಕೈಯೇ ಮೊಣಕೈಗಿಂತ ಕೆಳಗೆ ಕಾಣುವುದಿಲ್ಲ. ಅಲ್ಲಿ ಯಾವ ದಾರ ಕಂಡರೇನು, ಕಾಣದಿದ್ದರೇನು? ಚೊಣಕ್‌ಗೆ ಸಾದಾ ತಂಗೂಸಿನ ಲೀಡರ್ ಕಟ್ಟಿ ಉಳಿದ ಹಣದಲ್ಲಿ ಒಳ್ಳೆಯ ಗಾಳ ಕೊಳ್ಳಿ. ಬ್ರೇಡೇ ಬೇಡ, ರೀಲಿನ ತುಂಬ 15 ಪೌಂಡಿನ ತಂಗೂಸು ಸುತ್ತುತ್ತೇನೆ ಎಂದರೆ ಅದೂ ನಡೆಯುತ್ತದೆ. ನಮ್ಮ ಅಪ್ಪ ಹಿಡಿದದ್ದೆಲ್ಲ ಹಾಗೆಯೇ. ಆದರೆ ನೈಲಾನ್ ಹಿಗ್ಗುತ್ತದೆ, ಐದಕ್ಕೆ ಆರು ಅಡಿಯಾಗುವಷ್ಟು. ಮೂವತ್ತು ಮೀಟರ್ ಆಚೆ ಮೀನು ಕಚ್ಚಿದಾಗ ನೀವು ಇಲ್ಲಿ ಜಗ್ಗಿದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಅದು ಉಗುಳಿರುತ್ತದೆ. ಬ್ರೇಡ್ ಹಿಗ್ಗುವುದು ಅತಿ ಕಡಿಮೆ. ಅದರ ಅನುಕೂಲವೂ ಅದೇ, ಅಪಾಯವೂ ಅದೇ. ಆಘಾತ ತಡೆಯುವ ಕೆಲಸವೆಲ್ಲ ರಾಡ್ ಮತ್ತು ಡ್ರ್ಯಾಗ್‌ನ ಪಾಲಿಗೆ ಬರುತ್ತದೆ.

ಡ್ರ್ಯಾಗ್ ಅಂದಾಜಿನಲ್ಲಿ ಇಡಬೇಡಿ. ಆ ಸೂಟ್‌ಕೇಸ್ ತಕ್ಕಡಿಗೆ ದಾರದ ತುದಿ ಕಟ್ಟಿ, ಮನೆಯವರೊಬ್ಬರ ಕೈಯಲ್ಲಿ ಕೊಟ್ಟು, ರಾಡನ್ನು ಮೀನು ಹಿಡಿದಂತೆ ಓರೆಯಾಗಿ ಎತ್ತಿ ನಿಧಾನಕ್ಕೆ ಎಳೆಯಿರಿ. ದಾರದ ಬಲದ ನಾಲ್ಕನೆಯ ಒಂದು ಭಾಗಕ್ಕೆ ರೀಲ್ ಬಿಟ್ಟುಕೊಡಬೇಕು. 20 ಪೌಂಡಿಗೆ ಎರಡೂಕಾಲು ಕಿಲೋ. ಮೊದಲ ಸಲ ನೋಡಿದವರಿಗೆ ಆಶ್ಚರ್ಯವಾಗುತ್ತದೆ, ಎರಡು ಕಿಲೋ ಎಂದರೆ ಕೈಗೆ ಎಷ್ಟು ಭಾರ ಎಂದು. ಮೀನು ಹತ್ತಿರ ಬಂದಾಗ ರಾಡನ್ನು ತಲೆಯ ಹಿಂದಕ್ಕೆ ಎತ್ತಬೇಡಿ, ಕಾರ್ಬನ್ ರಾಡ್‌ಗಳು ತುದಿಯಲ್ಲಿ ಮುರಿಯುವುದು ಆಗಲೇ. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ ಎನ್ನುವುದನ್ನೂ ಮರೆಯಬೇಡಿ. ಖಾಜನ್ ಬದುಗಳ ಮೇಲೆ ತಗ್ಗಾಗಿ ಹಾದುಹೋದ ತಂತಿಗಳಿವೆ, ಜೂನ್ ತಿಂಗಳ ಸಿಡಿಲಿದೆ. ಗುಡುಗು ಕೇಳಿದ ಕೂಡಲೇ ರಾಡ್ ಕೆಳಗಿಟ್ಟು ಬದು ಬಿಟ್ಟು ಬನ್ನಿ.

ಬಾಸ್ ಎಂಬ ಹೆಸರಿನ ಗೊಂದಲವನ್ನೂ ಬಿಡಿಸಬೇಕು. ನಿಮ್ಮ ವಿಡಿಯೊಗಳಲ್ಲಿರುವುದು ಲಾರ್ಜ್‌ಮೌತ್ ಬಾಸ್, ಅಮೆರಿಕದ ಕೆರೆ, ಜಲಾಶಯಗಳ ಸಿಹಿನೀರಿನ ಮೀನು. ಅದರ ವಿಶ್ವದಾಖಲೆಯೇ ಹತ್ತು ಕಿಲೋ ಚಿಲ್ಲರೆ: 1932ರಲ್ಲಿ ಜಾರ್ಜಿಯಾದಲ್ಲಿ ಒಂದು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸರಿಸಮವಾದ ಇನ್ನೊಂದು. ನಮ್ಮ ಚೊಣಕ್‌ಗೆ ಇಂಗ್ಲಿಷಿನಲ್ಲಿ ಏಷ್ಯನ್ ಸೀಬಾಸ್ ಎನ್ನುತ್ತಾರೆ, ಆಸ್ಟ್ರೇಲಿಯಾದವರು ಬಾರಮುಂಡಿ ಎನ್ನುತ್ತಾರೆ. ಕುಲವೇ ಬೇರೆ. ಅಮೆರಿಕದವರ ದಾಖಲೆಯ ತೂಕವನ್ನು ಚೊಣಕ್ ಸುಲಭವಾಗಿ ದಾಟಿ ಬೆಳೆಯುತ್ತದೆ, ಉಪ್ಪುನೀರಿನಲ್ಲಿಯೂ ಸಿಹಿನೀರಿನಲ್ಲಿಯೂ ಬಾಳುತ್ತದೆ. ಇಬ್ಬರ ಬೇಟೆಯ ರೀತಿ ಮಾತ್ರ ಒಂದೇ. ಕಂಬ, ಬೇರು, ಕಲ್ಲು, ಕಾಂಡ್ಲಾ ಗಿಡದ ನೆರಳಿನಲ್ಲಿ ಅಡಗಿ ಕಾಯುವುದು, ಬೇಟೆ ಎದುರಿಗೆ ಬಂದಾಗ ಬಾಯಿ ತೆರೆದು ನೀರಿನ ಸಮೇತ ಒಳಗೆಳೆಯುವುದು. ಆದ್ದರಿಂದಲೇ ಬಾಸ್ ರಾಡ್ ಇಲ್ಲಿ ನಡೆಯುತ್ತದೆ, ಬಾಸ್ ಲೂರಿನ ಗಾಳ ನಡೆಯುವುದಿಲ್ಲ.

ನಿಮ್ಮ ನೆರೆಯ ಹಿರಿಯರ ಮಾತಿಗೆ ಬರೋಣ. ಸಿಗಡಿಯ ವಿಷಯದಲ್ಲಿ ಅವರು ಅರ್ಧ ಸರಿ. ಜೀವಂತ ಸಿಗಡಿಗಿಂತ ಒಳ್ಳೆಯ ಎರೆ ನನಗೂ ಗೊತ್ತಿಲ್ಲ. ಆದರೆ ಚೊಣಕ್ ಪ್ಲಾಸ್ಟಿಕ್ಕಿಗೆ ಕಚ್ಚುವುದಿಲ್ಲ ಎನ್ನುವುದಕ್ಕೆ ನಿಮ್ಮ ಮೂರು ಮೀನುಗಳೇ ಉತ್ತರ ಕೊಟ್ಟಿವೆ. ಕಚ್ಚುವುದು ಲೂರ್ ಓಡುವಾಗ ಕಡಿಮೆ, ನಿಂತಾಗ ಹೆಚ್ಚು. ವಿಡಿಯೊದಲ್ಲಿ ನೋಡಿದಂತೆ ಒಂದೇ ವೇಗದಲ್ಲಿ ಸುತ್ತುತ್ತಿದ್ದೀರಿ ಎಂದು ನನ್ನ ಊಹೆ. ಎರಡು ಸಲ ಚುರುಕಾಗಿ ಎಳೆಯಿರಿ, ನಿಲ್ಲಿಸಿ, ಮನಸ್ಸಿನಲ್ಲಿ ಮೂರು ಎಣಿಸಿ. ಆ ಮೂರರ ಒಳಗೆ ‘ಬುಳುಕ್’ ಎಂಬ ಸದ್ದು ಕೇಳಿದರೆ ಏನಾಯಿತೆಂದು ನಾನು ಹೇಳಬೇಕಾಗಿಲ್ಲ.

ಬಣ್ಣದ ವಿಷಯ: ಕೆಂಪು ತಲೆ, ಬಿಳಿ ಮೈಯ ಲೂರ್ ಕೆಟ್ಟದ್ದಲ್ಲ. ತಿಳಿನೀರಿನಲ್ಲಿ ಎಲ್ಲಕ್ಕಿಂತ ಮೊದಲು ಮಾಸುವ ಬಣ್ಣ ಕೆಂಪು, ಆಳಕ್ಕೆ ಹೋದಂತೆ ಕಪ್ಪಾಗಿ ಕಾಣುತ್ತದೆ. ಅಂದರೆ ಮೀನಿಗೆ ಕಾಣುವುದು ಕಪ್ಪು–ಬಿಳುಪಿನ ಎದ್ದುಕಾಣುವ ಜೋಡಿ. ಕಲಕಿದ ನೀರಿನಲ್ಲಿ ಮೀನು ಕಣ್ಣಿಗಿಂತ ಮೈಯ ಪಕ್ಕದ ಗೆರೆಯಿಂದ ನೀರಿನ ನಡುಕವನ್ನು ಹಿಡಿಯುತ್ತದೆ. ಆಗ ಬಾಲ ಜೋರಾಗಿ ಬಡಿಯುವ ರಬ್ಬರ್ ಮೀನು ಬೇಕು. ಡಿಸೆಂಬರ್ ನಂತರ ನೀರು ತಿಳಿಯಾದಾಗ ಸಣ್ಣ ಶೆವ್ಟೊ ಮೀನಿನಂಥ ಬೆಳ್ಳಿ ಬಣ್ಣ ಒಳ್ಳೆಯದು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕಡುಗಪ್ಪು. ಮೀನು ಕೆಳಗಿನಿಂದ ನೋಡುವುದು ಆಕಾಶದ ಎದುರು ನೆರಳನ್ನು. ಅಂಗಡಿಯ ಗೋಡೆಯ ತುಂಬ ತೂಗಿರುವ ಉಳಿದ ಬಣ್ಣಗಳೆಲ್ಲ ಗಾಳ ಹಾಕುವವರನ್ನು ಹಿಡಿಯಲು ಮಾಡಿದವು, ಮತ್ತು ಅವು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ.

ನೀವು ನಿಲ್ಲುವ ನೀರಿಗೆ ನನ್ನ ಆಯ್ಕೆ ಎರಡೇ. ಒಂದು, 9ರಿಂದ 11 ಸೆಂಟಿಮೀಟರಿನ ಅಗಲ ಬಾಲದ ರಬ್ಬರ್ ಮೀನು, 10–14 ಗ್ರಾಮಿನ ಸೀಸದ ತಲೆಯ ದಪ್ಪ ಗಾಳಕ್ಕೆ ಪೋಣಿಸಿದ್ದು. ಇನ್ನೊಂದು, ಅಷ್ಟೇ ಉದ್ದದ, ಒಂದರಿಂದ ಎರಡು ಮೀಟರ್ ಮುಳುಗಿ ತೇಲುವ ಗಟ್ಟಿ ಲೂರ್. ಎರಡನೆಯದರ ಗಾಳ ಬದಲಿಸಿ, 2ಎಕ್ಸ್ ಅಥವಾ 4ಎಕ್ಸ್ ಎಂದು ಬರೆದ ದಪ್ಪ ತಂತಿಯದು ಹಾಕಿ, ಉಂಗುರವನ್ನೂ ಬದಲಿಸಿ. ಒಂದು ಎಚ್ಚರಿಕೆ: ಗಾಳ ದಪ್ಪವಾದಷ್ಟೂ ಲೂರ್ ಭಾರವಾಗುತ್ತದೆ, ತೇಲಬೇಕಾದದ್ದು ಕಲ್ಲಿನಂತೆ ಮುಳುಗಬಹುದು. ಬಚ್ಚಲಮನೆಯ ಬಕೆಟ್ಟಿನಲ್ಲಿ ಬಿಟ್ಟು ನೋಡಿ. ನಿಧಾನವಾಗಿ ಮೇಲೆ ಬಂದರೆ ಸರಿ, ಅರ್ಧದಲ್ಲಿ ನಿಂತರೆ ಇನ್ನೂ ಸರಿ, ತಳ ಸೇರಿದರೆ ಒಂದು ಅಳತೆ ಚಿಕ್ಕ ಗಾಳ ಹಾಕಿ.

ಜಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಲೂರ್ ಸರಿಯಾಗಿ ಹೊತ್ತು ತಪ್ಪಾದರೆ ಪ್ರಯೋಜನವಿಲ್ಲ. ನಮ್ಮ ಕುಮಟಾದ ಗಜನಿ ಗದ್ದೆಗಳಿಗೆ ಇರುವಂತೆ ಇಲ್ಲಿನ ಖಾಜನ್‌ಗಳಿಗೂ ನೀರು ತಡೆಯುವ ಬಾಗಿಲುಗಳಿವೆ, ‘ಮಾನಸ್’ ಎನ್ನುತ್ತಾರೆ. ಇಳಿತದಲ್ಲಿ ಒಳಗಿನ ನೀರು ಹೊರಗೆ ಬರುವಾಗ ಸಿಗಡಿ, ಮರಿಮೀನು ಕೊಚ್ಚಿಕೊಂಡು ಬರುತ್ತವೆ, ಚೊಣಕ್ ಹರಿವಿಗೆ ಮುಖ ಮಾಡಿ ಕಾದಿರುತ್ತದೆ. ಇಳಿತದ ಕೊನೆಯ ಎರಡು ತಾಸು, ಭರತಿಯ ಮೊದಲ ತಾಸು, ಇಷ್ಟೇ ನಿಮ್ಮ ಹೊತ್ತು. ಆದರೆ ಮಾನಸ್ ಬಳಿ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಕೊಡುವ ರೂಢಿ ಇದೆ. ಹಣ ಕಟ್ಟಿದವನ ಮುಖಕ್ಕೆ ಮುಖ ಕೊಟ್ಟು ಕೇಳಿ ನಿಂತರೆ ಬಹುತೇಕ ಬೇಡ ಎನ್ನುವುದಿಲ್ಲ, ಕೇಳದೆ ನಿಂತರೆ ಜಗಳ ಖಾತ್ರಿ. ಕುಂಭಾರ್ಜುವೆ ಕಾಲುವೆಯ ಕಡೆ ಹೋದರೆ ನೀರಿಗೆ ಇಳಿಯಬೇಡಿ, ಅಲ್ಲಿ ಮೊಸಳೆಗಳಿವೆ. ಇನ್ನೊಂದು ಮಾತು: ಚೊಣಕ್ ಮೊದಲು ಗಂಡಾಗಿ ಬಲಿತು, ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ಎಂಟು, ಹತ್ತು ಕಿಲೋದ್ದು ಸಿಕ್ಕಿದರೆ ಅದು ಮೊಟ್ಟೆ ಇಡುವ ತಾಯಿ ಎಂದೇ ತಿಳಿಯಿರಿ. ನಾನು ಬಿಟ್ಟುಬಿಡುತ್ತೇನೆ. ಮನೆಗೆ ಎರಡು ಕಿಲೋದ್ದೇ ರುಚಿ.

ಈಗ ತೀರ್ಥನ್. ನಿಮ್ಮ ರಾಡ್ ಅಲ್ಲಿಗೆ ಆಗುವುದಿಲ್ಲ. ಟ್ರೌಟ್ ತಣ್ಣೀರಿನ ಮೀನು, ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಉಸಿರುಗಟ್ಟುತ್ತದೆ. ಹಿಮಾಲಯದಲ್ಲಿ ಮೊದಲು ಅದೂ ಇರಲಿಲ್ಲ. ಬ್ರಿಟಿಷರು ತಮ್ಮ ಊರಿನ ಬ್ರೌನ್ ಟ್ರೌಟ್ ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿ, 1900ರಲ್ಲಿ ಕಾಶ್ಮೀರದಲ್ಲಿ ನೆಲೆಗೊಳಿಸಿದರು. ಆಮೇಲೆ ಕುಲು ಕಡೆಯ ಹೊಳೆಗಳಿಗೂ ಬಂತು. ತೀರ್ಥನ್‌ನಲ್ಲಿ ನೀವು ಎಸೆಯಬೇಕಾದ ಲೂರ್ 3ರಿಂದ 6 ಗ್ರಾಮಿನದು. ನಿಮ್ಮ ರಾಡಿನ ಮೇಲೆ ಬರೆದ ಕನಿಷ್ಠ ತೂಕವೇ 7 ಗ್ರಾಂ. ನಾಲ್ಕು ಗ್ರಾಂ ಕಟ್ಟಿ ಬೀಸಿದರೆ ಅದು ಕಾಲ ಬುಡದಲ್ಲೇ ಬೀಳುತ್ತದೆ. ಹೇಗೋ ಎಸೆದಿರಿ, ಅರ್ಧ ಕಿಲೋದ ಮೀನು ಕಚ್ಚಿತು ಎನ್ನಿ. ಚೊಣಕ್‌ಗೆ ಜಗ್ಗಿದ ಅಭ್ಯಾಸದಲ್ಲಿ ಜಗ್ಗಿದರೆ ಆ ಬಿರುಸು ರಾಡ್ ಬಾಗದೆ ನೇರವಾಗಿ ತಲುಪುತ್ತದೆ, ನಾಲ್ಕು ಪೌಂಡಿನ ದಾರ ಪಟ್ಟನೆ ಹೋಗುತ್ತದೆ ಅಥವಾ ಮೀನಿನ ಬಾಯಿ ಹರಿಯುತ್ತದೆ.

ಬೇಕಾದದ್ದು ಆರು ಅಡಿ ಆಸುಪಾಸಿನ ಲೈಟ್ ರಾಡ್, 2–10 ಗ್ರಾಂ ಎಂದು ಬರೆದದ್ದು, ನಡುವಿನವರೆಗೂ ಬಾಗುವಂಥದ್ದು. 1000 ಅಥವಾ 2000 ಅಳತೆಯ ರೀಲ್. ಇಲ್ಲಿ ಬ್ರೇಡ್ ಬೇಡ, 4ರಿಂದ 6 ಪೌಂಡಿನ ಒಳ್ಳೆಯ ನೈಲಾನ್ ಸುತ್ತಿ. ಚೊಣಕ್‌ಗೆ ತೊಡಕಾದ ಆ ಹಿಗ್ಗುವ ಗುಣವೇ ಇಲ್ಲಿ ಹತ್ತು ಮೀಟರ್ ದೂರದ ಮೀನಿನ ಮೆದು ಬಾಯನ್ನು ಕಾಪಾಡುತ್ತದೆ. ತಿಳಿನೀರಾದ್ದರಿಂದ ಫ್ಲೋರೋಕಾರ್ಬನ್ ಲೀಡರ್‌ಗೆ ಇಲ್ಲಿ ನಿಜವಾದ ಅರ್ಥವಿದೆ. ಲೂರ್ ಎಂದರೆ ಒಂದನೆಯ, ಎರಡನೆಯ ನಂಬರಿನ ಸ್ಪಿನ್ನರ್ (ಎಳೆದಾಗ ತಗಡು ಗರಗರ ತಿರುಗುವ ಲೂರ್) ನಾಲ್ಕಾರು, ಐದು ಗ್ರಾಮಿನ ಸ್ಪೂನ್ (ಚಮಚದಾಕಾರದ ತಗಡಿನ ಲೂರ್) ಎರಡು. ಸ್ಪಿನ್ನರ್ ದಾರವನ್ನು ತಿರುಚುತ್ತದೆ. ಲೀಡರ್ ಬೆಸೆಯುವಲ್ಲಿ ಸಣ್ಣದೊಂದು ಸ್ವಿವೆಲ್ (ತಾನೇ ತಿರುಗುವ ಕೊಂಡಿ) ಹಾಕಿ. ಮೂರು ಕೊಕ್ಕೆ ತೆಗೆದು ಒಂಟಿ ಗಾಳ ಹಾಕಿ, ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಬಿಡಿಸುವುದು ಸಲೀಸು. ಹೊಳೆಯ ಕೆಳಗಿನಿಂದ ಮೇಲಕ್ಕೆ ಎಸೆದು, ಹರಿವಿಗಿಂತ ಚೂರು ಬೇಗ ಸುತ್ತಿಕೊಳ್ಳಿ. ಮೀನು ಹರಿವಿನ ಕಡೆ ಮುಖ ಮಾಡಿರುತ್ತದೆ, ಹಿಂದಿನಿಂದ ಬಂದ ನಿಮ್ಮನ್ನು ನೋಡುವುದಿಲ್ಲ. ಕಡುಗೆಂಪು ಜಾಕೆಟ್ ತೊಟ್ಟು ದಡದಲ್ಲಿ ನೆಟ್ಟಗೆ ನಿಂತರೆ ಯಾವ ಲೂರೂ ಕಾಪಾಡದು.

ಕೊಳ್ಳಲೇಬೇಕೇ ಎಂದರೆ, ಮೊದಲ ಪ್ರವಾಸಕ್ಕೆ ಬೇಡ. ನೀವು ಉಳಿದುಕೊಳ್ಳುವ ಕಡೆ ಫೋನ್ ಮಾಡಿ ರಾಡ್ ಬಾಡಿಗೆಗೆ ಸಿಗುತ್ತದೆಯೇ, ಜೊತೆಗೆ ಬರುವ ಸ್ಥಳೀಯರು ಇದ್ದಾರೆಯೇ ಕೇಳಿ. ಬಾಡಿಗೆ ರಾಡಿನ ತುದಿಯಲ್ಲಿ ದಾರ ಹಾಯುವ ಬಳೆಗಳಲ್ಲಿ ಬಿರುಕು ಇದೆಯೇ ಎಂದು ಹತ್ತಿಯ ಚೂರು ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ಬೇರೆ ಕೇಳಿ. ಕೊಳ್ಳುವುದಾದರೆ ನಾಲ್ಕು ತುಂಡಾಗಿ ಮಡಿಸುವ ಪ್ರವಾಸದ ರಾಡ್ ಒಳ್ಳೆಯದು. ಕೀಲುಗಳಲ್ಲಿ ಸಡಿಲವಾಗುವ ದೋಷ ಅದಕ್ಕಿದೆ, ಗಂಟೆಗೊಮ್ಮೆ ಒತ್ತಿ ಬಿಗಿ ಮಾಡಿ. ದೂರದರ್ಶಕದಂತೆ ಒಳಗೊಳಗೆ ಸೇರುವ ರಾಡ್ ಅಗ್ಗ, ಆದರೆ ನನ್ನ ಮೇಜಿಗೆ ಅದರಷ್ಟು ಬೇಗ ಬರುವ ವಸ್ತು ಇನ್ನೊಂದಿಲ್ಲ. ಮೂರನೆಯ ದಾರಿಯೊಂದನ್ನು ಕೆಲವರು ಹೇಳುತ್ತಾರೆ: ಭಾರದ ರಾಡಿಗೇ ನೀರು ತುಂಬುವ ಪಾರದರ್ಶಕ ತೇಲುಗುಂಡು ಕಟ್ಟಿ, ಅದರ ಹಿಂದೆ ಸಣ್ಣ ಲೂರ್ ಬಿಡುವುದು. ತೂಕ ಸಿಗುತ್ತದೆ, ದೂರವೂ ಹೋಗುತ್ತದೆ. ಸಣ್ಣ ಹೊಳೆಯ ಮಡುವಿನಲ್ಲಿ ಅದು ‘ಧಡ್’ ಎಂದು ಬಿದ್ದ ಮೇಲೆ ಅಲ್ಲಿ ಮೀನು ಮಾತ್ರ ಉಳಿಯುವುದಿಲ್ಲ.

ಹಿಮಾಚಲದಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಟ್ರೌಟ್ ಹೊಳೆಗಳು ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಮುಚ್ಚಿರುತ್ತವೆ. ನೀವು ಅಕ್ಟೋಬರಿನಲ್ಲಿ ಹೋಗುತ್ತಿರುವುದರಿಂದ ತೊಂದರೆಯಿಲ್ಲ, ನೀರೂ ತಿಳಿಯಾಗಿರುತ್ತದೆ. ಪರವಾನಗಿಯ ಮೇಲೆ ಎಷ್ಟು ಮೀನು, ಯಾವ ಅಳತೆ ಎಂಬ ಮಿತಿ ಬರೆದಿರುತ್ತದೆ, ಓದಿಕೊಳ್ಳಿ. ಬ್ರೌನ್ ಟ್ರೌಟ್ ಮೊಟ್ಟೆ ಇಡುವುದು ಚಳಿ ಶುರುವಾಗುವಾಗ, ಸಣ್ಣ ಜಲ್ಲಿಯ ತಳದಲ್ಲಿ. ಅಂಥ ಜಾಗವನ್ನು ತುಳಿಯಬೇಡಿ. ವಿಮಾನದಲ್ಲಿ ಹೋಗುವುದಾದರೆ ಗಾಳಗಳು ಕೈಚೀಲದಲ್ಲಿ ಬೇಡ.

ಉಳಿದದ್ದು ಐವತ್ತರ ಪೆಟ್ಟಿಗೆ. ಚಿತ್ರ ನೋಡಿ ಎಣಿಸಿದೆ, ಆರು ಗಟ್ಟಿ ಲೂರ್‌ಗಳು ಗಾಳ ಬದಲಿಸಿದರೆ ಚೊಣಕ್‌ಗೆ ಬಂದಾವು. ಮೂರು ಸಣ್ಣ ಸ್ಪಿನ್ನರ್‌ಗಳನ್ನು ತೀರ್ಥನ್‌ಗೆ ತೆಗೆದಿಡಿ. ರಬ್ಬರ್ ಹುಳುಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ; ಗಟ್ಟಿ ಲೂರ್‌ಗಳ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟರೆ ಕರಗಿ ಅಂಟಿಕೊಳ್ಳುತ್ತವೆ. ಮೂಲೆಯಲ್ಲಿ ಎರಡು ಹಸಿರು ರಬ್ಬರ್ ಕಪ್ಪೆಗಳಿವೆ, ಗಾಳ ಬೆನ್ನಿಗೆ ಅಂಟಿಕೊಂಡಂಥವು. ಅವನ್ನು ಊರಿಗೆ ತೆಗೆದುಕೊಂಡು ಹೋಗಿ. ನಿಮ್ಮ ಕಡೆಯ ಯಾವುದಾದರೂ ಕೆರೆಯಲ್ಲಿ ಕೊರವ ಮೀನಿದ್ದರೆ, ಅನುಮತಿ ಕೇಳಿ, ತಾವರೆ ಎಲೆಗಳ ಮೇಲೆ ಕಪ್ಪೆಯನ್ನು ನಿಧಾನವಾಗಿ ಕುಣಿಸಿ. ಮರಿಗಳ ಹಿಂಡನ್ನು ಕಾಯುತ್ತಿರುವ ಜೋಡಿ ಕಂಡರೆ ಬಿಟ್ಟುಬಿಡಿ. ಕೊರವ ಕಚ್ಚಿದ ಕೂಡಲೇ ಬಳ್ಳಿಯೊಳಗೆ ನುಗ್ಗುತ್ತದೆ, ಅರ್ಧ ಕೆರೆಯ ಜೊಂಡನ್ನು ಸುತ್ತಿಕೊಂಡೇ ಬರುತ್ತದೆ. ಅಲ್ಲಿ ಚಿಪ್ಪಿಲ್ಲ, ಚಿರೇಕಲ್ಲಿಲ್ಲ. ಬೇಕಾದದ್ದು ಬಳ್ಳಿ ಕತ್ತರಿಸಿಕೊಂಡು ಬರುವ ಗಟ್ಟಿ ಬ್ರೇಡ್. ರೀಲಿನಿಂದ ಬಿಚ್ಚಿದ ಆ 50 ಪೌಂಡಿನ ದಾರವನ್ನು ಎಸೆಯದೆ ಒಂದು ಖಾಲಿ ಡಬ್ಬಿಗೆ ಸುತ್ತಿಡಿ, ಅಲ್ಲಿಗೆ ಅದೇ ಸರಿ. ಡ್ರ್ಯಾಗ್ ಮಾತ್ರ ಮೂರು ಕಿಲೋ ದಾಟದಿರಲಿ, ರಾಡ್ ಅದೇ ತಾನೇ.